ಪ್ರತಿಕೃತಿಯ ತಪಸ್ಸು: ಕಲಾವಿದ ಕೆ. ವೆಂಕಟಪ್ಪನವರು

‘ನಕಲು’ ಎಂಬ ಮಾತು ಕಾಲೇಜಿನ ಆವರಣದಲ್ಲಿ ಕಿವಿಗೆ ಬಿದ್ದರೆ ಸಾಕು, ಪರೀಕ್ಷೆಯ ಕೊಠಡಿಯೂ ಮೇಲ್ವಿಚಾರಕರ ಬಿರುನೋಟವೂ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ತಾನಾಗಿ ಬರೆಯಲಾರದವನು ಪಕ್ಕದವನದನ್ನು ನೋಡಿ ಬರೆಯುತ್ತಾನೆ. ಆದ್ದರಿಂದ ನಕಲೆಂಬುದು ಹೀನಕಾರ್ಯವೆಂದು ನಮ್ಮೆಲ್ಲರ ತೀರ್ಮಾನ. ಪರೀಕ್ಷೆಯ ಮಟ್ಟಿಗೆ ಈ ತೀರ್ಮಾನ ಸರಿಯೇ. ಆದರೆ ಚಿತ್ರಕಲೆಯ ಚರಿತ್ರೆಯಲ್ಲಿ ಸಂಗತಿ ಬೇರೆ. ಹಳೆಯ ಚಿತ್ರವೊಂದರ ಮುಂದೆ ತಿಂಗಳುಗಟ್ಟಲೆ ನಿಂತು, ಗೆರೆಗೆ ಗೆರೆ, ಬಣ್ಣಕ್ಕೆ ಬಣ್ಣ ಹೊಂದಿಸಿ, ಕೈಯಿಂದಲೇ ಅದರ ಪ್ರತಿ ತೆಗೆದವರ ಕೆಲಸ ಸಾಮಾನ್ಯವಾದುದಲ್ಲ. ತಮ್ಮ ಯೌವನದಲ್ಲಿ ಅಂತಹ ಕೆಲಸಕ್ಕೆ ಕೈಯಿಟ್ಟು, ಆಮೇಲೆ ಸ್ವಂತ ದಾರಿಯೊಂದನ್ನು ಹಿಡಿದು ಕಡೆಯವರೆಗೂ ಅದರಲ್ಲಿಯೇ ನಡೆದ ಕನ್ನಡಿಗರೊಬ್ಬರಿದ್ದರು. ಅವರೇ ಮೈಸೂರಿನ ಕೆ. ವೆಂಕಟಪ್ಪನವರು. ಅವರ ಹೆಸರನ್ನು ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ನಡೆದ ದಾರಿಯನ್ನು ತಿಳಿದವರು ಕಡಮೆ. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು. ಮೈಸೂರು ಆಗ ಸಾಂಪ್ರದಾಯಿಕ ಚಿತ್ರಕಲೆಯ ತೌರುಮನೆಯಾಗಿದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಆಶ್ರಯದಲ್ಲಿ ಬೆಳೆದ ಆ ಶೈಲಿಯನ್ನು ವಾಚಕರು ದೇವರ ಪಟಗಳಲ್ಲಿ ನೋಡಿಯೇ ಇರುತ್ತಾರೆ. ಸಫೇದ ಮತ್ತು ಗೋಂದಿನ ಲೇಪದಿಂದ ಒಡವೆ ವಸ್ತ್ರಗಳನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸಿ, ಅಳಿಲಿನ ಕೂದಲಿನ ಕುಂಚದಿಂದ ಕಣ್ಣು ರೆಪ್ಪೆಗಳನ್ನು ತೀಡುವುದು ಅದರ ಕ್ರಮ. ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು ಎಂಬುದೆಲ್ಲ ಧ್ಯಾನಶ್ಲೋಕಗಳಲ್ಲಿ ಮೊದಲೇ ಗೊತ್ತಾಗಿರುತ್ತದೆ. ಚಿತ್ರಗಾರನು ಅದನ್ನು ಬದಲಿಸುವಂತಿಲ್ಲ. ತಂದೆಯ ಕೈ ನೋಡಿ ಮಗ ಕಲಿಯುತ್ತಾನೆ. ಮಗನ ಕೈ ನೋಡಿ ಮೊಮ್ಮಗ. ಹೀಗೆ ವೆಂಕಟಪ್ಪನವರಿಗೆ ಪ್ರತಿ ತೆಗೆಯುವ ವಿದ್ಯೆ ಮನೆಯ ಆಸ್ತಿಯಾಗಿಯೇ ಬಂದಿತು. ಈ ಮಾತನ್ನು ನಾವು ನೆನಪಿನಲ್ಲಿಡಬೇಕು.

ಹುಡುಗನ ಕೈಚಳಕವು ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂದುದು ಆತನ ಪುಣ್ಯ. ಅವರ ಪ್ರೋತ್ಸಾಹದಿಂದ ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿದರು. ಆ ಕಾಲದ ಕಲ್ಕತ್ತೆ ಎಂತಹುದು! ವಂಗಭಂಗದ ವಿರುದ್ಧ ಎದ್ದ ಸ್ವದೇಶಿಯ ಅಲೆ ಇನ್ನೂ ಇಳಿದಿರಲಿಲ್ಲ. ಅದಕ್ಕೆ ಮೊದಲೇ ಕಲಾಶಾಲೆಯ ಮುಖ್ಯಸ್ಥರಾಗಿದ್ದ ಇ.ಬಿ. ಹ್ಯಾವೆಲ್ ಎಂಬವರು, ಭಾರತದ ವಿದ್ಯಾರ್ಥಿಗಳು ಗ್ರೀಕರ ಸುಣ್ಣದ ಗೊಂಬೆಗಳನ್ನು ನೋಡಿ ಬರೆಯುವುದನ್ನು ಬಿಟ್ಟು ತಮ್ಮ ದೇಶದ ಕಲೆಯ ಕಡೆಗೆ ತಿರುಗಬೇಕೆಂದು ಪಟ್ಟು ಹಿಡಿದಿದ್ದರು. ಅವರು ಕರೆತಂದ ಅವನೀಂದ್ರನಾಥ ಠಾಕೂರರು ಅಲ್ಲಿ ಗುರುಗಳಾಗಿದ್ದರು. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ, ಕ್ಷಿತೀಂದ್ರನಾಥ ಮಜುಂದಾರ್ ಮೊದಲಾದವರು ಶಿಷ್ಯರು. ಈ ಬಂಗಾಳಿ ಬಳಗದ ನಡುವೆ, ಭಾಷೆಯೂ ಊಟವೂ ಹವೆಯೂ ಬೇರೆಯಾದ ಊರಿನಲ್ಲಿ, ನಮ್ಮ ಮೈಸೂರಿನ ತರುಣ ಒಬ್ಬಂಟಿಗನಾಗಿ ಹೋಗಿ ಸೇರಿದನು. ತೆಳುವಾದ ನೀರುಬಣ್ಣವನ್ನು ಪದರ ಪದರವಾಗಿ ಹಚ್ಚಿ, ಚಿತ್ರವನ್ನು ಮತ್ತೆ ಮತ್ತೆ ನೀರಿನಲ್ಲಿ ನೆನೆಸಿ ಮಂಜು ಕವಿದಂತೆ ಮಾಡುವ ಅವನೀಂದ್ರರ ವಿಧಾನ, ಚಿನ್ನದ ರೇಕಿನ ಮಧ್ಯೆ ಬೆಳೆದವನಿಗೆ ಎಷ್ಟು ಹೊಸದಾಗಿ ಕಂಡಿತೋ ನಾವೇ ಊಹಿಸಿಕೊಳ್ಳಬಹುದು.

ಆ ದಿನಗಳಲ್ಲಿಯೇ ಅಜಂತದ ಕರೆ ಬಂದಿತು.

ಅಜಂತವನ್ನು ಕುರಿತು ಇಲ್ಲಿ ಎರಡು ಮಾತು ಹೇಳುವುದು ಅಗತ್ಯ. ಇಂದಿನ ಮಹಾರಾಷ್ಟ್ರದ ಔರಂಗಾಬಾದಿನ ಸೀಮೆಯಲ್ಲಿ, ವಾಘೋರಾ ಎಂಬ ಹೊಳೆ ಬಿಲ್ಲಿನಂತೆ ಬಾಗುವ ಕಡೆ, ಬಂಡೆಯನ್ನು ಕೊರೆದು ಮಾಡಿದ ಸುಮಾರು ಮೂವತ್ತು ಬೌದ್ಧ ಗುಹೆಗಳಿವೆ. ಅವುಗಳಲ್ಲಿ ಕೆಲವು ಕ್ರಿಸ್ತಪೂರ್ವದವು. ಹೆಚ್ಚಿನವು ವಾಕಾಟಕ ಅರಸು ಹರಿಷೇಣನ ಕಾಲದವು, ಎಂದರೆ ಐದನೆಯ ಶತಮಾನದವು. ಎಷ್ಟೋ ಕಾಲ ಕಾಡಿನಲ್ಲಿ ಮರೆಯಾಗಿದ್ದ ಅವು 1819ರಲ್ಲಿ ಮದರಾಸು ಸೈನ್ಯದ ಅಧಿಕಾರಿಯೊಬ್ಬನ ಕಣ್ಣಿಗೆ ಬಿದ್ದವು. ಅಲ್ಲಿನ ಗೋಡೆಗಳ ಲೇಪ ಯಾವುದೆಂದು ತಿಳಿದರೆ ನಮ್ಮ ಹಳ್ಳಿಯ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಮಣ್ಣು, ಬತ್ತದ ಹೊಟ್ಟು, ಸಗಣಿ. ಅದರ ಮೇಲೆ ಸುಣ್ಣದ ತೆಳುವಾದ ಪದರ. ನಮ್ಮ ಕೆಂಚಾರ್ಲಹಳ್ಳಿಯ ಕಡೆಯ ಹಳೆಯ ಮಣ್ಣಿನ ಮನೆಗಳನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಬಣ್ಣಗಳೂ ಬಹುಮಟ್ಟಿಗೆ ನೆಲದವೇ: ಕೆಮ್ಮಣ್ಣಿನ ಕೆಂಪು, ಹಳದಿ ಮಣ್ಣು, ಹಸುರು ಮಣ್ಣು, ದೀಪದ ಕಾಡಿಗೆಯ ಕಪ್ಪು, ಸುಣ್ಣದ ಬಿಳುಪು. ನೀಲಿಯೊಂದು ಮಾತ್ರ ದೂರದೇಶದಿಂದ ಬಂದ ರಾಜಾವರ್ತ ಶಿಲೆಯದು. ಇಷ್ಟು ಬಡವಾದ ಸಾಮಗ್ರಿಯಿಂದ ಆ ಹೆಸರಿಲ್ಲದ ಕಲಾವಿದರು ಒಂದು ಲೋಕವನ್ನೇ ಸೃಷ್ಟಿಸಿಬಿಟ್ಟರು.

ಆ ಲೋಕದಲ್ಲಿ ಯಾರಿಲ್ಲ? ಬುದ್ಧನ ಹಿಂದಿನ ಜನ್ಮಗಳ ಕಥೆಗಳೆಂಬ ನೆವದಲ್ಲಿ ಈ ನೆಲದ ಜನರೆಲ್ಲ ಅಲ್ಲಿಗೆ ಬಂದಿದ್ದಾರೆ. ರಾಜರಾಣಿಯರ ಜೊತೆಗೆ ಸೇವಕಿಯರು, ಕುಳ್ಳರು, ಭಿಕ್ಷುಕರು, ವರ್ತಕರು, ಟೊಪ್ಪಿಗೆ ತೊಟ್ಟ ಪರದೇಶಿಗಳು ಇದ್ದಾರೆ. ಕಾಡಿನ ಬೇಡರೂ ಇದ್ದಾರೆ. ಷಡ್ದಂತ ಜಾತಕದ ಚಿತ್ರದಲ್ಲಿ ರಾಣಿಯ ಆಜ್ಞೆಯಂತೆ ಬೇಡನು ಆನೆಯ ದಂತಗಳನ್ನು ತಂದೊಪ್ಪಿಸುತ್ತಾನೆ. ಅವನ್ನು ಕಂಡೊಡನೆ, ತಾನೇ ಬಯಸಿದ ವಸ್ತುವಿನ ಮುಂದೆ, ರಾಣಿಯು ಮೂರ್ಛೆ ಹೋಗುತ್ತಾಳೆ. ಶ್ಯಾಮ ಜಾತಕದಲ್ಲಿ ಕುರುಡ ತಂದೆತಾಯಿಗಳನ್ನು ಸಾಕುವ ಕಾಡಿನ ಹುಡುಗನಿದ್ದಾನೆ. ಕಪ್ಪು ಮೈಯವರೂ ಎಣ್ಣೆಗೆಂಪಿನವರೂ ಗೌರವರ್ಣದವರೂ ಒಂದೇ ಗೋಡೆಯ ಮೇಲೆ ಕೂಡಿದ್ದಾರೆ. ಕಪ್ಪು ಮೈಯನ್ನು ಸೌಂದರ್ಯಕ್ಕೆ ಕೊರತೆಯೆಂದು ಆ ಚಿತ್ರಕಾರರು ಎಣಿಸಿದಂತೆ ಕಾಣುವುದಿಲ್ಲ. ಒಂದೂವರೆ ಸಾವಿರ ವರ್ಷಗಳ ಹಿಂದೆ ನಮ್ಮವರು ಹೇಗಿದ್ದರು, ಏನುಟ್ಟರು, ಹೇಗೆ ಕುಳಿತರು, ಹೇಗೆ ಅತ್ತರು ಎಂಬುದನ್ನು ತೋರಿಸುವ ಇಂತಹ ಸಾಕ್ಷಿ ಮತ್ತೊಂದು ಸಿಕ್ಕುವುದು ಕಷ್ಟ.

ಆದರೆ ಆ ಸಾಕ್ಷಿ ದಿನದಿನಕ್ಕೂ ಉದುರುತ್ತಿದ್ದಿತು. ತೇವ, ಬಾವಲಿ, ಹೊಗೆ, ಬಂದವರು ಗೀಚಿದ ಹೆಸರುಗಳು ಇವೆಲ್ಲ ಸೇರಿ ಲೇಪ ಕಳಚಿ ಬೀಳುತ್ತಿದ್ದಿತು. ಕತ್ತಲ ಗುಹೆಯ ಬಣ್ಣವನ್ನು ಹಿಡಿಯಬಲ್ಲ ಛಾಯಾಚಿತ್ರವು ಆಗ ಇರಲಿಲ್ಲ. ಉಳಿದ ಉಪಾಯ ಒಂದೇ, ಮನುಷ್ಯನ ಕೈ. 1844ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಮದರಾಸು ಸೈನ್ಯದ ರಾಬರ್ಟ್ ಗಿಲ್ ಎಂಬಾತನನ್ನು ಈ ಕೆಲಸಕ್ಕೆ ನೇಮಿಸಿದರು. ಆತನು ವರ್ಷಗಟ್ಟಲೆ ಅಲ್ಲಿಯೇ ಇದ್ದು ದೊಡ್ಡ ದೊಡ್ಡ ಬಟ್ಟೆಗಳ ಮೇಲೆ ತೈಲವರ್ಣದಲ್ಲಿ ಪ್ರತಿಗಳನ್ನು ಬರೆದು ಲಂಡನ್ನಿಗೆ ಕಳುಹಿಸಿದನು. 1866ರ ಡಿಸೆಂಬರಿನಲ್ಲಿ ಅಲ್ಲಿನ ಕ್ರಿಸ್ಟಲ್ ಪ್ಯಾಲೆಸಿಗೆ ಬೆಂಕಿ ಬಿದ್ದು, ಪ್ರದರ್ಶನಕ್ಕೆ ಇಟ್ಟಿದ್ದ ಆ ಪ್ರತಿಗಳು ಬೂದಿಯಾದವು. ಬೇರೆ ಕಡೆ ಇದ್ದ ಕೆಲವು ಮಾತ್ರ ಉಳಿದವು. ಗಿಲ್ 1879ರಲ್ಲಿ ತೀರಿಕೊಂಡನು. ಅಷ್ಟರಲ್ಲಿ ಮುಂಬಯಿಯ ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳೊಡನೆ ಅದೇ ಕೆಲಸವನ್ನು ಹೊಸದಾಗಿ ಕೈಗೊಂಡಿದ್ದನು. 1872ರಿಂದ 1885ರವರೆಗೆ ಆ ಕೆಲಸ ಸಾಗಿತು. 1885ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಮತ್ತೆ ಬೆಂಕಿ! ಆ ಪ್ರತಿಗಳಲ್ಲಿಯೂ ಹಲವು ನಾಶವಾದವು. ಉಳಿದವುಗಳನ್ನು ಆಧರಿಸಿ 1896 ಮತ್ತು 97ರಲ್ಲಿ ಎರಡು ಸಂಪುಟಗಳು ಹೊರಬಂದವು. ಹೀಗೆ ಎರಡು ಸಲ ಮನುಷ್ಯನ ಶ್ರಮ ಬೆಂಕಿಗೆ ಆಹುತಿಯಾಯಿತು. ನಾಶವಾಗುತ್ತಿದೆಯೆಂದು ಎಲ್ಲರೂ ಹೆದರಿದ ಮೂಲವೇ ಗುಹೆಯಲ್ಲಿ ಉಳಿಯಿತು.

ಮೂರನೆಯ ಪ್ರಯತ್ನ ಲೇಡಿ ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆಯದು. ಆಕೆ ಸ್ವತಃ ಚಿತ್ರಕರ್ತೆ. ಇಟಲಿಯ ಹಳೆಯ ಚಿತ್ರವಿಧಾನವನ್ನು ಕುರಿತ ಚೆನ್ನೀನೋ ಚೆನ್ನೀನಿಯ ಗ್ರಂಥವನ್ನು 1899ರಲ್ಲಿ ಇಂಗ್ಲಿಷಿಗೆ ತಂದವಳು. 1906ರಲ್ಲಿ ಅಜಂತವನ್ನು ಕಂಡು ಮನಸೋತ ಆಕೆ, 1909ರಿಂದ 1911ರೊಳಗೆ ಎರಡು ಸಲ ಚಳಿಗಾಲದಲ್ಲಿ ಬಂದು ಅಲ್ಲಿ ಬೀಡುಬಿಟ್ಟಳು. ಹೈದರಾಬಾದಿನಿಂದ ಸೈಯದ್ ಅಹಮದ್ ಮತ್ತು ಫಜಲುದ್ದೀನ್ ಎಂಬ ಕಲಾವಿದರು ಬಂದರು. ಅಜಂತ ಆಗ ನಿಜಾಮರ ಸೀಮೆಗೆ ಸೇರಿದ್ದಿತಷ್ಟೆ. ಕಲ್ಕತ್ತೆಯಿಂದ ಬಂದವರು ನಂದಲಾಲ್ ಬೋಸ್, ಅಸಿತ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಮತ್ತು ನಮ್ಮ ವೆಂಕಟಪ್ಪನವರು. ನಮ್ಮ ದೇಶದ ತರುಣರು ಈ ಕೆಲಸದಲ್ಲಿ ಪಾಲುಗೊಳ್ಳಲೇಬೇಕೆಂದು ಸೋದರಿ ನಿವೇದಿತೆಯು ಹುರಿದುಂಬಿಸಿದ್ದಳು. ಅಷ್ಟೇ ಅಲ್ಲ, ವಿಜ್ಞಾನಿ ಜಗದೀಶಚಂದ್ರ ಬೋಸರೊಡನೆ ಆಕೆಯೂ ಗುಹೆಗಳಿಗೆ ಬಂದು ಕೆಲಸವನ್ನು ನೋಡಿದಳು.

ಗುಹೆಯೊಳಗಿನ ಕೆಲಸ ಸುಲಭವಾದುದಲ್ಲ. ಬೆಳಕು ಬರುವುದು ಬಾಗಿಲಿನಿಂದ ಮಾತ್ರ; ಗೋಡೆಯೋ ಒಳಗೆ ಹತ್ತಾರು ಅಡಿ ದೂರದಲ್ಲಿ. ಎಲ್ಲಿ ಬಣ್ಣ ಮುಗಿಯಿತು, ಎಲ್ಲಿ ಹೊಗೆಯ ಕರೆ ಮೊದಲಾಯಿತು ಎಂದು ಕಣ್ಣು ಮೊದಲು ಕಲಿಯಬೇಕು. ಬಿದ್ದುಹೋದ ಭಾಗವನ್ನು ತನ್ನ ಕಲ್ಪನೆಯಿಂದ ತುಂಬಿಬಿಡಬೇಕೆಂದು ಕೈ ತವಕಿಸುತ್ತದೆ, ಅದನ್ನು ತಡೆಯಬೇಕು. ರಾಣಿಯ ಬೆರಳು ಬಾಗಿರುವ ಪರಿಯನ್ನು ನೋಡಿ ಇಲ್ಲಿ ಚಿತ್ರಕಾರ ತಪ್ಪಿದನೆಂದು ಮೊದಲು ತೋರೀತು. ಹತ್ತು ದಿನ ನೋಡಿದ ಮೇಲೆ ತಪ್ಪಿದುದು ತನ್ನ ಕಣ್ಣೆಂದು ತಿಳಿದೀತು. ಇದೇ ಪ್ರತಿ ತೆಗೆಯುವವನ ಶಿಕ್ಷಣ. ಏಕಲವ್ಯನ ಕಥೆ ನಮಗೆಲ್ಲ ಗೊತ್ತು. ಕಾಡಿನ ಆ ಬೇಡರ ಹುಡುಗನಿಗೆ ಗುರು ದೊರೆಯಲಿಲ್ಲ. ಗುರುವಿನ ಮಣ್ಣಿನ ಪ್ರತಿಮೆಯನ್ನು ಮುಂದಿಟ್ಟುಕೊಂಡು ಬಿಲ್ವಿದ್ಯೆಯನ್ನು ಸಾಧಿಸಿದನು. ಸಾವಿರದ ಐನೂರು ವರ್ಷಗಳ ಹಿಂದೆ ತೀರಿಹೋದ, ಹೆಸರೂ ಉಳಿಯದ ಗುರುಗಳ ಮುಂದೆ ಆ ತರುಣರು ಕುಳಿತದ್ದೂ ಅಂತಹುದೇ ಸಾಧನೆ. ವ್ಯತ್ಯಾಸವಿಷ್ಟೆ: ಈ ಗುರುಗಳು ಹೆಬ್ಬೆರಳನ್ನು ಕೇಳಲಿಲ್ಲ.

ಆ ಪ್ರತಿಗಳು 1915ರಲ್ಲಿ ಲಂಡನ್ನಿನ ಇಂಡಿಯಾ ಸೊಸೈಟಿಯ ಮೂಲಕ ಪುಸ್ತಕವಾಗಿ ಪ್ರಕಟವಾದವು. ಲೇಡಿ ಹೆರಿಂಗ್‌ಹ್ಯಾಮ್ ಮತ್ತು ಆಕೆಯ ಸಹಾಯಕರು ತೆಗೆದ ಪ್ರತಿಗಳೆಂದು ಅದರ ಮುಖಪುಟ ಹೇಳುತ್ತದೆ. ಸಹಾಯಕರು ಎಂಬ ಆ ಒಂದು ಮಾತಿನೊಳಗೆ ನಮ್ಮ ವೆಂಕಟಪ್ಪನವರೂ ಅಡಗಿದ್ದಾರೆ. ಕೆಲಸವನ್ನು ಯೋಜಿಸಿ, ಹಣವನ್ನೂ ಆರೋಗ್ಯವನ್ನೂ ಸವೆಸಿದ ಆ ಮಹಿಳೆಯ ಹಿರಿಮೆಯನ್ನು ಕಡಮೆಮಾಡುವುದು ನ್ಯಾಯವಲ್ಲ. ಆದರೆ ಪ್ರತಿಕೃತಿಯ ಹಿಂದೆ ಯಾರ ಕೈಯಿತ್ತೆಂದು ಕೇಳದೆ ಹೋಗುವುದೂ ನ್ಯಾಯವಲ್ಲ. ಮೂಲವನ್ನು ಬರೆದವರ ಹೆಸರು ಕಾಲಕ್ಕೆ ಸಿಕ್ಕಿ ಹೋಯಿತು. ಪ್ರತಿ ತೆಗೆದವರ ಹೆಸರಾದರೂ ನಮ್ಮ ಅಲಕ್ಷ್ಯಕ್ಕೆ ಸಿಕ್ಕಿ ಹೋಗಬಾರದು.

ಇನ್ನೊಂದು ಮಾತನ್ನೂ ಇಲ್ಲಿ ಮುಚ್ಚಿಡಬಾರದು. ಪ್ರತಿ ತೆಗೆಯುವ ಉತ್ಸಾಹವು ಮೂಲಕ್ಕೆ ಕೇಡನ್ನೂ ಮಾಡಿತು. ಬಣ್ಣ ಚೆನ್ನಾಗಿ ಕಾಣಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಗೋಡೆಗಳಿಗೆ ವಾರ್ನಿಷ್ ಬಳಿದರು. ಕಾಲಕ್ರಮದಲ್ಲಿ ಅದು ಹಳದಿಗಟ್ಟಿ, ಧೂಳನ್ನು ಹಿಡಿದು, ಕೆಳಗಿನ ಬಣ್ಣವನ್ನೇ ಮಬ್ಬುಗೊಳಿಸಿತು. 1920ರಲ್ಲಿ ಇಟಲಿಯಿಂದ ತಜ್ಞರನ್ನು ಕರೆಸಿ ಗೋಡೆಗಳ ರಕ್ಷಣೆಗೆ ಯತ್ನಿಸಬೇಕಾಯಿತು. ಇತ್ತ ಜಪಾನಿನ ಆರಾಯಿ ಕಾಂಪೋ ಮೊದಲಾದವರು ತೆಗೆದುಕೊಂಡು ಹೋದ ಪ್ರತಿಗಳು 1923ರ ಟೋಕಿಯೋ ಭೂಕಂಪದಲ್ಲಿ ಹಾಳಾದವು. ಇಷ್ಟಾದರೂ ಉಳಿದ ಪ್ರತಿಗಳ ಬೆಲೆ ದೊಡ್ಡದು. ಅಂದು ಗೋಡೆಯ ಮೇಲಿದ್ದು ಇಂದು ಉದುರಿಹೋದ ಭಾಗಗಳನ್ನು ನೋಡಬೇಕಾದರೆ ಆ ಕೈಬರಹದ ಪ್ರತಿಗಳಲ್ಲದೆ ಬೇರೆ ಗತಿಯಿಲ್ಲ.

ಅಜಂತದಿಂದ ಮರಳಿದ ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಇನ್ನೂ ಕೆಲವು ವರ್ಷ ಇದ್ದರು. ನಿವೇದಿತೆಯು ಆರಂಭಿಸಿ, 1911ರಲ್ಲಿ ಆಕೆ ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿಯವರು ಮುಗಿಸಿದ ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥವು 1913ರಲ್ಲಿ ಪ್ರಕಟವಾಯಿತು. ಅದರ ರಾಮಾಯಣದ ಚಿತ್ರಗಳಲ್ಲಿ ಹಲವನ್ನು ಬರೆದವರು ವೆಂಕಟಪ್ಪನವರು. ಅಜಂತದ ಗೆರೆ, ಅವನೀಂದ್ರರ ಬಣ್ಣ, ಮೈಸೂರಿನ ಸೂಕ್ಷ್ಮ ಕುಸುರಿ ಮೂರೂ ಅವರ ಕೈಯಲ್ಲಿ ಒಂದೆಡೆ ಸೇರಿದ ಕಾಲವದು.

1916ರಲ್ಲಿ ಅವರು ಮೈಸೂರಿಗೆ ಹಿಂದಿರುಗಿದರು. ಅವರ ಜೊತೆಗಾರರು ಒಬ್ಬೊಬ್ಬರೂ ಒಂದೊಂದು ಕಲಾಶಾಲೆಯ ಆಧಾರಸ್ತಂಭಗಳಾದರು: ನಂದಲಾಲರು ಶಾಂತಿನಿಕೇತನದಲ್ಲಿ, ಹಾಲ್ದಾರರು ಲಖನೌದಲ್ಲಿ, ಗುಪ್ತರು ಲಾಹೋರಿನಲ್ಲಿ. ವೆಂಕಟಪ್ಪನವರದು ಏಕಾಂತದ ದಾರಿ. ಅವರು ಮದುವೆಯಾಗಲಿಲ್ಲ. ಊಟ, ಉಡುಪು, ದಿನಚರಿ ಎಲ್ಲದರಲ್ಲಿಯೂ ವ್ರತಸ್ಥರಂತೆ ಕಟ್ಟುನಿಟ್ಟು. ಚಿತ್ರಗಳು ಮಾರಾಟದ ಸರಕೆಂದು ಅವರು ಎಂದೂ ತಿಳಿಯಲಿಲ್ಲ. ಸಂಗೀತದ ಹಂಬಲ ಹಿಡಿದಾಗ ವೀಣೆ ಶೇಷಣ್ಣನವರಂತಹ ಮಹಾವಿದ್ವಾಂಸರ ಬಳಿ ಶಿಷ್ಯರಾಗಿ ಕುಳಿತರು. ನಡುವಯಸ್ಸು ಸಮೀಪಿಸಿದ, ಹೆಸರು ಗಳಿಸಿದ ಕಲಾವಿದರು ಮತ್ತೆ ಸರಿಗಮದಿಂದ ಆರಂಭಿಸಿದರು. ಆ ಹುಚ್ಚನ್ನು ತಾವೇ ನಗುತ್ತ ನೋಡಿಕೊಂಡಂತೆ 1926ರಲ್ಲಿ ವೀಣೆಯ ಹುಚ್ಚನ್ನೇ ವಸ್ತುವಾಗಿಟ್ಟುಕೊಂಡು ಒಂದು ಚಿತ್ರವನ್ನು ಬರೆದರು.

ಅವರ ಕಲೆಯ ನಿಜವಾದ ತಿರುವು ಕಾಣುವುದು ಉದಕಮಂಡಲದ ಚಿತ್ರಗಳಲ್ಲಿ. 1926ರ ಸುಮಾರಿಗೆ ಅಲ್ಲಿ ನಿಂತು ಬರೆದ ಆ ನೀರುಬಣ್ಣದ ದೃಶ್ಯಗಳಲ್ಲಿ ದೇವತೆಗಳಿಲ್ಲ, ಪುರಾಣವಿಲ್ಲ, ಅಜಂತದ ರಾಣಿಯರೂ ಇಲ್ಲ. ಬೆಟ್ಟ, ಸರೋವರ, ಮಂಜು, ಮುಗಿಲು, ಬೆಳದಿಂಗಳು ಇಷ್ಟೇ. ಪುರಾಣವನ್ನು ಬರೆಯುತ್ತಿದ್ದ ಕೈ ಒಮ್ಮೆಗೇ ಹೀಗೇಕೆ ಬದಲಾಯಿತೆಂದು ಕೇಳುವವರುಂಟು. ಬದಲಾಗಲಿಲ್ಲವೆಂದೇ ನನ್ನ ಎಣಿಕೆ. ಗೋಡೆಯ ಮುಂದೆ ನಿಂತು, ಇದ್ದುದನ್ನು ಇದ್ದಂತೆ ಕಾಣಬೇಕು, ಇಲ್ಲದುದನ್ನು ಸೇರಿಸಬಾರದು ಎಂದು ಕಲಿತ ಕಣ್ಣೇ ಈಗ ಬೆಟ್ಟದ ಮುಂದೆ ನಿಂತಿತು. ಆಗ ಮೂಲವು ಮನುಷ್ಯನ ಕೃತಿಯಾಗಿತ್ತು. ಈಗ ಪ್ರಕೃತಿಯೇ ಮೂಲವಾಯಿತು. ಒಂದೊಂದು ಎಲೆಗೂ ಒಂದೊಂದು ಬೆಳಕಿನ ಎಳೆಗೂ ಅವರು ಸಲ್ಲಿಸಿದ ಗೌರವವನ್ನು ನೋಡಿದರೆ, ಅಜಂತದ ಶಿಷ್ಯವೃತ್ತಿ ವ್ಯರ್ಥವಾಗಲಿಲ್ಲವೆಂದು ಹೇಳಬೇಕು. ಕೆಟ್ಟ ನಕಲು ಮಾಡುವವನು ನೋಡುವ ಶ್ರಮವನ್ನು ತಪ್ಪಿಸಿಕೊಳ್ಳುತ್ತಾನೆ. ಒಳ್ಳೆಯ ಪ್ರತಿ ತೆಗೆಯುವವನು ಆ ಶ್ರಮವನ್ನು ಇಮ್ಮಡಿಯಾಗಿ ಹೊರುತ್ತಾನೆ. ಇವೆರಡಕ್ಕೂ ಇರುವ ಅಂತರವೇ ವೆಂಕಟಪ್ಪನವರ ಜೀವನದ ಪಾಠ.

ಅವರು ಚಿತ್ರಕ್ಕಷ್ಟೇ ನಿಲ್ಲಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು. ಶಕುಂತಲೆಯು ಪತಿಗೃಹಕ್ಕೆ ಹೊರಡುವ ದೃಶ್ಯ ಅವುಗಳಲ್ಲಿ ಪ್ರಸಿದ್ಧವಾದುದು. ನಾಲ್ವಡಿಯವರ ಆಸೆಯಂತೆ ಮೈಸೂರು ಅರಮನೆಗಾಗಿಯೂ ಇಂತಹ ಶಿಲ್ಪಗಳ ಕೆಲಸ ನಡೆಯುತ್ತಿದ್ದಿತು. 1940ರ ಆಗಸ್ಟ್ 3ರಂದು ಆ ರಾಜರ್ಷಿಯು ಕಾಲವಾದರು. ಕಲಾವಿದನನ್ನು ಕೈಹಿಡಿದು ನಡೆಸಿದ ಆಶ್ರಯ ಕಳಚಿತು. ವೆಂಕಟಪ್ಪನವರು ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದರು. ಅಲ್ಲಿಯೂ ಅದೇ ಏಕಾಂತ, ಅದೇ ಕಟ್ಟುನಿಟ್ಟು. 1965ರಲ್ಲಿ ಅವರ ಜೀವನ ಮುಗಿಯಿತು. ಅವರ ಕೃತಿಗಳು ನಾಡಿನ ಸೊತ್ತಾದವು. ಅವನ್ನು ಕಾಪಾಡಲು 1970ರ ದಶಕದಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, ವೆಂಕಟಪ್ಪ ಚಿತ್ರಶಾಲೆ ಸ್ಥಾಪಿತವಾಯಿತು.

ಅಜಂತ ದೂರವಾಯಿತೆಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕನ್ನಡ ನಾಡಿನಲ್ಲಿಯೇ ಬಾದಾಮಿಯ ಮೂರನೆಯ ಗುಹೆಯಲ್ಲಿ, ಕ್ರಿ.ಶ. 578ರ ಶಾಸನವಿರುವೆಡೆ, ಚಾಳುಕ್ಯರ ಕಾಲದ ವರ್ಣಚಿತ್ರಗಳ ಅವಶೇಷಗಳಿವೆ. ಮಸುಕಾಗುತ್ತಿದ್ದ ಅವನ್ನು ಜೆ.ಎಂ. ಅಹಿವಾಸಿಯವರು ಕೈಯಿಂದ ಪ್ರತಿ ತೆಗೆದರು. ಇನ್ನೂ ಹತ್ತಿರದ್ದು ಬೇಕೆ? ನಮ್ಮ ಜಿಲ್ಲೆಯ ಬಾಗೇಪಲ್ಲಿಯನ್ನು ದಾಟಿ ಆಂಧ್ರದ ಗಡಿಯೊಳಗೆ ಸ್ವಲ್ಪ ದೂರ ಹೋದರೆ ಲೇಪಾಕ್ಷಿ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣನು ಕಟ್ಟಿಸಿದ ವೀರಭದ್ರ ದೇವಾಲಯದ ಮೇಲ್ಛಾವಣಿಯ ತುಂಬ ಚಿತ್ರಗಳು. ಅಲ್ಲಿನ ಜನರ ಸೀರೆಯ ಅಂಚು, ತುರುಬು, ಎತ್ತರದ ಕುಲಾವಿಗಳನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಪ್ರವಾಸಕ್ಕೆ ಹೋಗುತ್ತೇವೆ, ತೂಗುವ ಕಂಬದ ಕೆಳಗೆ ಬಟ್ಟೆ ಎಳೆದು ನೋಡುತ್ತೇವೆ, ನಂದಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹಿಂದಿರುಗುತ್ತೇವೆ. ತಲೆಯೆತ್ತಿ ಛಾವಣಿಯನ್ನು ನೋಡುವ ವ್ಯವಧಾನವಿಲ್ಲ.

ಮುಂದಿನ ಸಲ ಹೋಗುವಾಗ ಒಂದು ಕಾಗದವನ್ನೂ ಒಂದು ಸೀಸದಕಡ್ಡಿಯನ್ನೂ ಜೊತೆಗೆ ಕೊಂಡೊಯ್ಯೋಣ. ಕ್ಷಣದಲ್ಲಿ ಫೋಟೋ ತೆಗೆಯಬಲ್ಲ ಯಂತ್ರ ಇಂದು ಎಲ್ಲರ ಜೇಬಿನಲ್ಲಿಯೂ ಇದೆ; ಅದು ಚಿತ್ರವನ್ನು ತಂದುಕೊಡುತ್ತದೆ, ನೋಡುವ ಅಭ್ಯಾಸವನ್ನು ತಂದುಕೊಡುವುದಿಲ್ಲ. ಒಂದು ಕೈಯನ್ನೋ ಒಂದು ಮುಖವನ್ನೋ ಆರಿಸಿಕೊಂಡು ಅರ್ಧ ಗಂಟೆ ಅದನ್ನೇ ನೋಡಿ ಗೆರೆಯೆಳೆಯೋಣ. ನಮ್ಮ ಗೆರೆ ಸೊಟ್ಟಗಾಗುವುದು ಖಂಡಿತ; ಎಲ್ಲಿ ಸೊಟ್ಟಗಾಯಿತೆಂದು ಕಂಡುಕೊಂಡರೆ ಅಂದಿನ ಪ್ರವಾಸ ಸಾರ್ಥಕ.